ಬಾಡಿಗೆಯ ಮನೆ ಮತ್ತು ಪರಿಗ್ರಹದ ಮಿತಿ

ವ್ಯಾಪಾರದಲ್ಲಿ ಉಳಿಸಿದ ಹಣವನ್ನು ಮನೆ, ನಿವೇಶನಗಳಲ್ಲಿ ತೊಡಗಿಸಿ, ಬರುವ ಬಾಡಿಗೆಯಿಂದ ಜೀವನ ಸಾಗಿಸುವುದು ಶ್ರಾವಕನಿಗೆ ಉಚಿತವೇ? ಈ ಪ್ರಶ್ನೆ ಇಂದು ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಕೇಳಿಬರುತ್ತಿದೆ. ದಿನವಿಡೀ ಅಂಗಡಿಯಲ್ಲಿ ನಿಲ್ಲಲೊಲ್ಲದ ಮಕ್ಕಳು ಇದನ್ನು ಸುಲಭ ಮಾರ್ಗವೆನ್ನುತ್ತಾರೆ. ಹಿರಿಯರು ಅತಿಯಾಸೆಯೆಂದು ಶಂಕಿಸುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದ ವಿಷಯವನ್ನು ಸಾವಧಾನವಾಗಿ ವಿಚಾರ ಮಾಡುವುದು ಒಳಿತು.

ಗೃಹಸ್ಥನು ಎಲ್ಲವನ್ನೂ ತ್ಯಜಿಸಬೇಕೆಂದು ಧರ್ಮವು ಹೇಳುವುದಿಲ್ಲ. ಮಿತಿಯನ್ನು ಗೊತ್ತುಮಾಡಿಕೊಳ್ಳಬೇಕೆಂದು ಹೇಳುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಬೆಳ್ಳಿ ಬಂಗಾರಗಳು ಅನಂತರ ಬರುತ್ತವೆ. ಅಲ್ಲಿ ದೋಷವೆನಿಸುವುದು ಮನೆಯನ್ನು ಹೊಂದುವುದಲ್ಲ, ಗೊತ್ತುಮಾಡಿದ ಪ್ರಮಾಣವನ್ನು ಮೀರುವುದು.

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಮನುಷ್ಯನ ಮನಸ್ಸನ್ನು ಇನ್ನೂ ಸೂಕ್ಷ್ಮವಾಗಿ ಅರಿತಿದೆ. ಒಂದೇ ಮನೆ ಸಾಕೆಂದು ವ್ರತ ತೊಟ್ಟವನು ಪಕ್ಕದ ಮನೆಯನ್ನೂ ಕೊಂಡು, ನಡುವಿನ ಗೋಡೆಯನ್ನು ಕೆಡವಿ, ಇದು ಒಂದೇ ಮನೆಯೆನ್ನಬಹುದು. ಈ ಜೋಡಿಸುವಿಕೆಗೆ ಅಲ್ಲಿ 'ಯೋಜನ' ಎಂದು ಹೆಸರು. ಮಿತಿ ಮೀರಿದ ಬೆಳ್ಳಿ ಬಂಗಾರವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ, ನನ್ನಲ್ಲಿಲ್ಲವೆನ್ನುವುದು ಇನ್ನೊಂದು ಅತಿಚಾರ. ಇಂದು ಪತ್ನಿಯ ಹೆಸರಿನಲ್ಲಿ ಒಂದು, ಸೊಸೆಯ ಹೆಸರಿನಲ್ಲಿ ಒಂದು ಎಂದು ನಿವೇಶನಗಳನ್ನು ಬರೆಯಿಸುವಾಗ ನಾವು ಮಾಡುತ್ತಿರುವುದೇನೆಂಬುದನ್ನು ಎಂಟುನೂರು ವರ್ಷಗಳ ಹಿಂದೆಯೇ ಆಚಾರ್ಯರು ಹೇಳಿದ್ದಾರೆ.

ಇನ್ನು ವ್ಯಾಪಾರಿಯ ಲೆಕ್ಕವನ್ನು ನೋಡೋಣ. 40 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಬರುತ್ತದೆಂದು ಭಾವಿಸೋಣ. ವರ್ಷಕ್ಕೆ 1,20,000 ರೂಪಾಯಿ, ಅಂದರೆ ನೂರಕ್ಕೆ ಮೂರು. ಕಂದಾಯ, ಸುಣ್ಣಬಣ್ಣ, ರಿಪೇರಿ ಹಾಗೂ ಮನೆ ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಅದೂ ಉಳಿಯುವುದಿಲ್ಲ. ಬ್ಯಾಂಕಿನ ಗೃಹಸಾಲದ ಬಡ್ಡಿ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದ ಸಾಲ ಮಾಡಿ ಮನೆ ಕೊಂಡವನು ಬಾಡಿಗೆಯನ್ನು ನಂಬಿ ಬದುಕುವುದಿಲ್ಲ. ಬೆಲೆ ಏರುವುದನ್ನು ಕಾಯುತ್ತಾನೆ. ಬೆಲೆ ಏರಲೆಂದು ಹಾರೈಸುವುದೆಂದರೆ ಮನೆಯಿಲ್ಲದವನಿಗೆ ಮನೆ ಇನ್ನಷ್ಟು ದುರ್ಲಭವಾಗಲೆಂದು ಹಾರೈಸಿದಂತೆಯೇ. ಸಂಸಾರವೊಂದಕ್ಕೆ ಸೂರು ಒದಗಿಸುವ ಬಾಡಿಗೆಯ ಮನೆ ಉಪಕಾರದ ವ್ಯಾಪಾರ. ಬೆಲೆಗಾಗಿ ಬೀಗ ಹಾಕಿಟ್ಟ ಮನೆ ಕೇವಲ ಪರಿಗ್ರಹ.

ಈ ಪ್ರಶ್ನೆಯು ನಮ್ಮ ತೋಲ್ಪೆಟ್ಟಿಯಲ್ಲಿ ಇನ್ನೂ ತೀವ್ರವಾಗಿದೆ. ಮಾನಂದವಾಡಿಯಿಂದ ಕೊಡಗಿನ ಕುಟ್ಟಕ್ಕೆ ಹೋಗುವ ದಾರಿಯಲ್ಲಿರುವ ಈ ಊರು, 1973ರಲ್ಲಿ ಸ್ಥಾಪಿತವಾದ ವಯನಾಡು ವನ್ಯಜೀವಿಧಾಮದ ಒಂದು ಪ್ರವೇಶದ್ವಾರ. ಪ್ರವಾಸಿಗರು ಬರುವೆಡೆ ವಸತಿಗೃಹಕ್ಕೆ ಜಾಗ ಹುಡುಕುವವರೂ ಬರುತ್ತಾರೆ. ಆದರೆ ಇಲ್ಲಿ ಭೂಮಿಯನ್ನು ಕೊಳ್ಳುವವನು ಬೆಲೆಯನ್ನು ಕೇಳುವ ಮೊದಲು ಅದರ ಪೂರ್ವಚರಿತ್ರೆಯನ್ನು ಕೇಳಬೇಕು. ಆದಿವಾಸಿಗಳ ಭೂಮಿಯ ಪರಭಾರೆಯನ್ನು ನಿರ್ಬಂಧಿಸಲು ಕೇರಳವು 1975ರಲ್ಲಿಯೇ ಕಾನೂನು ಮಾಡಿತು. ಗದ್ದೆಗಳನ್ನು ಉಳಿಸಲು 2008ರಲ್ಲಿ ಇನ್ನೊಂದನ್ನು ತಂದಿತು. 2024ರ ಜುಲೈ 30ರಂದು ಇದೇ ಜಿಲ್ಲೆಯ ಮುಂಡಕೈ, ಚೂರಲ್‌ಮಲ ಪ್ರದೇಶಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ಮೇಲೆ, ಇಳಿಜಾರಿನಲ್ಲಿ ಕಟ್ಟಡವೆಬ್ಬಿಸುವವನು ನೆಲದ ಸ್ಥಿತಿಯನ್ನು ವಿಚಾರಿಸದಿರುವುದು ಹಿಂಸೆಯೇ ಸರಿ.

ಶ್ರಾವಕನು ವರ್ಜಿಸಬೇಕಾದ ಹದಿನೈದು ಉದ್ಯೋಗಗಳಲ್ಲಿ ವನಕರ್ಮವೂ ಭಾಟಕಕರ್ಮವೂ ಇವೆ. ಕಾಡು ಕಡಿದು ಜೀವಿಸುವುದು ಮೊದಲನೆಯದು. ಗಾಡಿ, ಎತ್ತುಗಳನ್ನು ಬಾಡಿಗೆಗೆ ಬಿಟ್ಟು ಜೀವಿಸುವುದು ಎರಡನೆಯದು. ಇಲ್ಲಿ ನಿಷೇಧಕ್ಕೆ ಕಾರಣ ಬಾಡಿಗೆಯಲ್ಲ, ಮೂಕಪ್ರಾಣಿಯ ಸಂಕಟ. ಆನೆಯ ದಾರಿಗೆ ಅಡ್ಡವಾಗಿ ಕಟ್ಟಿದ ವಸತಿಗೃಹದ ಬಾಡಿಗೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನಮ್ಮ ಸಮೀಪದ ತಿರುನೆಲ್ಲಿ–ಕುದ್ರಕೋಟೆ ಆನೆಪಥದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ಭೂಮಿಯನ್ನು ಹಣ ಕೊಟ್ಟು ಕೊಂಡು, ಅಲ್ಲಿನ ಕುಟುಂಬಗಳಿಗೆ ಬೇರೆಡೆ ನೆಲೆ ಒದಗಿಸಿ, ಆ ಜಾಗವನ್ನು ಅರಣ್ಯ ಇಲಾಖೆಗೆ ಒಪ್ಪಿಸಿತು. ಬಿಟ್ಟುಕೊಡುವುದಕ್ಕಾಗಿಯೇ ಭೂಮಿಯನ್ನು ಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಹೊಸದಾಗಿ ಇದರಲ್ಲಿ ತೊಡಗುವ ಯುವಕರು ಮೂಲಪತ್ರ, ಋಣಭಾರ ಪತ್ರ, ಕಂದಾಯ ರಸೀದಿಗಳನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. ಒಂದು ವರ್ಷಕ್ಕೆ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದುದರಿಂದ ಹನ್ನೊಂದು ತಿಂಗಳಿಗೆ ಬರೆಯಿಸುವುದು ರೂಢಿ. ಆ ಕಾಗದದ ನೆಪದಲ್ಲಿ ಪ್ರತಿ ವರ್ಷ ಬಾಡಿಗೆದಾರನನ್ನು ಬೆದರಿಸುವುದು ಮಾತ್ರ ಧರ್ಮವಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ. ಮಾದರಿ ಕಾಯ್ದೆಯು ತಾನಾಗಿಯೇ ಎಲ್ಲ ರಾಜ್ಯಗಳಿಗೆ ಅನ್ವಯಿಸದು; ಆದರೆ ಶ್ರಾವಕನು ತಾನಾಗಿ ಅದನ್ನು ಪಾಲಿಸಲು ಯಾರ ಅಡ್ಡಿಯೂ ಇಲ್ಲ.

ಕೊಳ್ಳುವುದಕ್ಕೆ ಮೊದಲೇ ಮಿತಿಯನ್ನು ನಿಶ್ಚಯಿಸಬೇಕೆಂಬುದೇ ಈ ಎಲ್ಲದರ ಸಾರ. ಎರಡು ಮನೆಯೋ, ಮೂರೋ, ಸಂಖ್ಯೆಯನ್ನು ಅವರವರ ಸಂಸಾರವನ್ನು ನೋಡಿ ಅವರವರೇ ತೀರ್ಮಾನಿಸಲಿ. ಮೊದಲ ಮನೆಯ ಲಾಭವನ್ನು ಕಂಡ ಮೇಲೆ ಹಾಕುವ ಮಿತಿ ರಬ್ಬರಿನಂತೆ ಹಿಗ್ಗುತ್ತದೆ. ಈ ಉತ್ಸವದ ದಿನಗಳಲ್ಲಿ ಪ್ರತಿ ಕುಟುಂಬವೂ ಒಟ್ಟಿಗೆ ಕುಳಿತು, ಮಕ್ಕಳ ಸಮ್ಮುಖದಲ್ಲಿ ಆ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದಿಡಬೇಕೆಂದು ಸಕಲ ಧರ್ಮಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.