ಓದುಗನನ್ನು ಓದದೆ ಪುಸ್ತಕ ಹೇಳಬೇಡಿ

1904ನೇ ಇಸವಿ, ಜೋಹಾನ್ಸ್‌ಬರ್ಗ್ ರೈಲು ನಿಲ್ದಾಣ. ಡರ್ಬನ್‌ಗೆ ಹೊರಟಿದ್ದ ವಕೀಲ ಮೋಹನದಾಸ ಗಾಂಧಿಯವರನ್ನು ಬೀಳ್ಕೊಡಲು ಬಂದಿದ್ದ ಗೆಳೆಯ ಹೆನ್ರಿ ಪೋಲಾಕ್, ದಾರಿಯಲ್ಲಿ ಓದಿಕೊಳ್ಳಲಿ ಎಂದು ಒಂದು ಪುಸ್ತಕ ಕೊಟ್ಟರು. ಖಂಡಿತ ನಿಮಗೆ ಹಿಡಿಸುತ್ತದೆ ಎಂದಷ್ಟೇ ಹೇಳಿದರು. ಅದು ಜಾನ್ ರಸ್ಕಿನ್ ಬರೆದ 'ಅನ್‌ಟು ದಿಸ್ ಲಾಸ್ಟ್', ನಾಲ್ಕು ಪ್ರಬಂಧಗಳ ಸಣ್ಣ ಹೊತ್ತಗೆ. 24 ಗಂಟೆಯ ಪ್ರಯಾಣದಲ್ಲಿ ಗಾಂಧಿ ಅದನ್ನು ಕೆಳಗಿಡಲಿಲ್ಲ. ಸಂಜೆ ಡರ್ಬನ್ ತಲುಪಿದ ಮೇಲೂ ಆ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಅದೇ ವರ್ಷ ಡರ್ಬನ್ ಸಮೀಪ ಫೀನಿಕ್ಸ್ ಆಶ್ರಮ ಹುಟ್ಟಿತು. 1908ರಲ್ಲಿ ಗಾಂಧಿ ಆ ಪುಸ್ತಕದ ಸಾರವನ್ನು ಗುಜರಾತಿಗೆ ಇಳಿಸಿ 'ಸರ್ವೋದಯ' ಎಂದು ಹೆಸರಿಟ್ಟರು.

ಈ ಪ್ರಸಂಗವನ್ನು ಹೇಳುವವರೆಲ್ಲ ರಸ್ಕಿನ್ನರ ವಿಚಾರವನ್ನೂ ಗಾಂಧಿಯವರ ಸಂಕಲ್ಪಶಕ್ತಿಯನ್ನೂ ಕೊಂಡಾಡುತ್ತಾರೆ. ಪುಸ್ತಕ ಕೊಟ್ಟ ಪೋಲಾಕ್ ಕಡೆಗೆ ಯಾರ ಗಮನವೂ ಅಷ್ಟಾಗಿ ಹೋಗುವುದಿಲ್ಲ. ಹೋಗಬೇಕು. ಪತ್ರಕರ್ತರಾಗಿದ್ದ ಅವರಿಗೆ ಗಾಂಧಿಯವರ ಪರಿಚಯವಾದದ್ದು ಜೋಹಾನ್ಸ್‌ಬರ್ಗ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ. ಇಬ್ಬರಿಗೂ ಟಾಲ್‌ಸ್ಟಾಯ್ ಇಷ್ಟ, ಸರಳ ಬದುಕಿನ ಹಂಬಲವೂ ಇಬ್ಬರಿಗೂ ಇತ್ತು. ಗಾಂಧಿ ಡರ್ಬನ್‌ಗೆ ಹೊರಟಿದ್ದು 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಹಣಕಾಸಿನ ಬಿಕ್ಕಟ್ಟನ್ನು ಬಗೆಹರಿಸಲು. ಅಚ್ಚುಕೂಟ, ಕೂಲಿ, ಸಾಲ, ನಷ್ಟ ಇವೇ ತಲೆಯಲ್ಲಿ ಸುತ್ತುತ್ತಿದ್ದ ಮನುಷ್ಯನ ಕೈಗೆ, ದುಡಿಮೆಗೆ ನ್ಯಾಯವಾದ ಬೆಲೆ ಯಾವುದು ಎಂದು ಕೇಳುವ ಪುಸ್ತಕ ಬಂದು ಬಿತ್ತು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬುದು ಗಾಂಧಿ ಅದರಿಂದ ಎತ್ತಿಕೊಂಡ ಪಾಠಗಳಲ್ಲೊಂದು.

ಪೋಲಾಕ್ ಪಟ್ಟಿ ಕೊಡಲಿಲ್ಲ. ಒಂದೇ ಪುಸ್ತಕ ಹೇಳಿದರು, ಅದನ್ನೂ ಹೆಸರಾಗಿ ಹೇಳದೆ ಕೈಗಿತ್ತರು. ಓದಲು ಬಿಡುವಿರುವ ಹೊತ್ತನ್ನೇ ನೋಡಿ ಕೊಟ್ಟರು. ಇವೆಲ್ಲಕ್ಕಿಂತ ಮುಖ್ಯವಾಗಿ, ಎದುರಿಗಿದ್ದವರು ಎಂಥವರು, ಆಗ ಅವರನ್ನು ಏನು ಕಾಡುತ್ತಿತ್ತು ಎಂಬುದನ್ನು ಬಲ್ಲವರಾಗಿದ್ದರು.

ಈಗ ನಮ್ಮ ಸುತ್ತ ನಡೆಯುವುದನ್ನು ನೋಡಿ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ, 'ಕನ್ನಡದಲ್ಲಿ ಏನಾದರೂ ಓದಬೇಕು ಅಂತಿದೀನಿ, ಯಾವುದು ಓದ್ಲಿ ಸಾರ್?' ಎಂದು ಕೇಳುತ್ತಾನೆ. ಕೇಳಿಸಿಕೊಂಡ ಹಿರಿಯರ ಮುಖ ಅರಳುತ್ತದೆ. ಪಂಪನಿಂದ ಹಿಡಿದು ಹದಿನೈದು ಇಪ್ಪತ್ತು ಹೆಸರುಗಳು ಒಂದೇ ಉಸಿರಿನಲ್ಲಿ ಹೊರಬರುತ್ತವೆ. 'ಮಲೆಗಳಲ್ಲಿ ಮದುಮಗಳು ಓದದೆ ಇದ್ದರೆ ಕನ್ನಡಿಗನಾಗಿ ಏನು ಪ್ರಯೋಜನ?' ಎಂಬ ಮಾತೂ ಸೇರಿಕೊಳ್ಳುತ್ತದೆ. ಹುಡುಗ ತಲೆಯಾಡಿಸಿ ಹೋಗುತ್ತಾನೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ಆ ಕಾದಂಬರಿ ಕನ್ನಡದ ಮಹಾಕೃತಿಗಳಲ್ಲೊಂದು, ಸಂಶಯವಿಲ್ಲ. ಹತ್ತಾರು ಮನೆತನಗಳು, ಮಲೆನಾಡಿನ ಮಾತು, ಅವಸರವೇ ಇಲ್ಲದ ನಡಿಗೆ ಅದರ ಸೊಗಸು. ಶಾಲೆ ಬಿಟ್ಟ ಮೇಲೆ ಕನ್ನಡದ ಒಂದು ಪುಸ್ತಕವನ್ನೂ ಮುಗಿಸದವನಿಗೆ ಆ ಸೊಗಸೇ ಗೋಡೆಯಾಗಿ ನಿಲ್ಲುತ್ತದೆ. ಐವತ್ತು ಪುಟ ದಾಟಲಾಗದೆ, ಓದು ತನಗಲ್ಲ ಎಂದು ಅವನು ತೀರ್ಮಾನಿಸಿಬಿಟ್ಟರೆ ನಷ್ಟ ಕುವೆಂಪು ಅವರಿಗೂ ಹೌದು, ಅವನಿಗೂ ಹೌದು. ಅದೇ ಹುಡುಗನಿಗೆ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕೊಟ್ಟಿದ್ದರೆ ಒಂದು ಭಾನುವಾರದಲ್ಲಿ ಮುಗಿಸಿ, ಇನ್ನೊಂದು ಕೇಳಿಕೊಂಡು ಬರುತ್ತಿದ್ದನೇನೋ. ಹಾಗೆ ಮಲೆನಾಡಿನ ಕಾಡು ಹೊಕ್ಕವನು ಮುಂದೊಂದು ದಿನ ಮಗನಿಂದ ಅಪ್ಪನ ಪುಸ್ತಕಕ್ಕೂ ಹೋದಾನು.

ಹೀಗೆ ಪಟ್ಟಿ ಒಪ್ಪಿಸುವವರು ಕೆಟ್ಟವರಲ್ಲ, ಪುಸ್ತಕದ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪಟ್ಟಿ ತಿಳಿಸುವುದು ಹೇಳಿದವರ ಓದು ಎಷ್ಟು ದೊಡ್ಡದೆಂಬುದನ್ನು. ಕೇಳಿದವನಿಗೆ ಬೇಕಾದ ಉತ್ತರ ಅದರಲ್ಲಿ ಇಲ್ಲ.

ಈ ವಿಷಯವನ್ನು ಶಾಸ್ತ್ರವಾಗಿ ಯೋಚಿಸಿದ ಭಾರತೀಯರೊಬ್ಬರಿದ್ದಾರೆ. ಗಣಿತ ಕಲಿಸುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನದೇ ಆದ ಪುಸ್ತಕ ಇದೆ ಎಂಬುದು ಎರಡನೆಯ ಸೂತ್ರ. ಪ್ರತಿ ಪುಸ್ತಕಕ್ಕೂ ಅದರದೇ ಆದ ಓದುಗ ಇದ್ದಾನೆ ಎಂಬುದು ಮೂರನೆಯದು. ಓದುಗನ ಸಮಯ ಉಳಿಸಬೇಕೆಂಬುದು ನಾಲ್ಕನೆಯದು. ಇವು ಗ್ರಂಥಪಾಲಕರಿಗೆಂದು ಹೇಳಿದ ಮಾತುಗಳಾದರೂ ಪುಸ್ತಕ ಸೂಚಿಸುವ ಯಾರಿಗೂ ಒಪ್ಪುತ್ತವೆ. ಒಳ್ಳೆಯ ಪುಸ್ತಕ ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆ ಈ ಸೂತ್ರಗಳ ಮುಂದೆ ನಿಲ್ಲುವುದಿಲ್ಲ. ಪುಸ್ತಕಕ್ಕೂ ಓದುಗನಿಗೂ ಋಣಾನುಬಂಧ ಕೂಡಿಸಬೇಕು, ಅದಕ್ಕೆ ಇಬ್ಬರನ್ನೂ ಅರಿತವರು ಬೇಕು.

ಕನ್ನಡದಲ್ಲಿ ಈ ಕೆಲಸವನ್ನು ಕಾಲ್ನಡಿಗೆಯಲ್ಲೇ ಮಾಡಿದವರು ಗಳಗನಾಥರು. ಐತಿಹಾಸಿಕ ಕಾದಂಬರಿಗಳನ್ನು ಬರೆದ ಅವರು ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಮನೆಯ ಜಗುಲಿಯಲ್ಲಿ ಕೂತವರ ಮುಖ ನೋಡಿ ಪುಸ್ತಕ ಕೊಡುವ ಭಾಗ್ಯ ಇಂದಿನ ಪ್ರಕಾಶಕರಿಗಿಲ್ಲ. ಆದರೆ ನಮಗೆ ನಿಮಗೆ ಇದೆ.

ಹಾಗಾದರೆ ಯಾರಾದರೂ ಪುಸ್ತಕ ಕೇಳಿದಾಗ ಏನು ಮಾಡಬೇಕು? ಉತ್ತರ ಕೊಡುವ ಮೊದಲು ಒಂದೆರಡು ಪ್ರಶ್ನೆ ಕೇಳಬೇಕು. ಕೊನೆಯ ಪುಟದವರೆಗೂ ಬಿಡದೆ ಓದಿಸಿಕೊಂಡ ಪುಸ್ತಕ ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬೇಸರವಾಯಿತು? ಓದುವುದು ಯಾವಾಗ, ಬಸ್ಸಿನಲ್ಲೋ, ಮಕ್ಕಳು ಮಲಗಿದ ಮೇಲೋ? ಇಷ್ಟು ಗೊತ್ತಾದರೆ ಒಂದು ಹೆಸರು ತಾನೇ ಹೊಳೆಯುತ್ತದೆ. ಆ ಒಂದನ್ನು ಹೇಳಿ, ಯಾಕೆ ಅದನ್ನೇ ಹೇಳುತ್ತಿದ್ದೀರಿ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿ ಸುಮ್ಮನಾಗಬೇಕು. ಕಥೆ ಹೇಳಬಾರದು. ಎದುರು ಸಿಕ್ಕಾಗಲೆಲ್ಲ 'ಓದಿದ್ಯಾ? ಎಲ್ಲಿಗೆ ಬಂತು?' ಎಂದು ವಿಚಾರಿಸುವುದು ಇನ್ನೊಂದು ಕೆಟ್ಟ ಚಾಳಿ. ಹಾಗೆ ಕೇಳಿಸಿಕೊಂಡವರು ಕೊನೆಗೆ ಪುಸ್ತಕವನ್ನೂ ಕೊಟ್ಟವರನ್ನೂ ತಪ್ಪಿಸಿಕೊಂಡು ಓಡಾಡುತ್ತಾರೆ. ಫ್ರಾನ್ಸಿನ ಕಾದಂಬರಿಕಾರ, ಶಾಲಾ ಮೇಷ್ಟರೂ ಆಗಿದ್ದ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ, ಓದದೆ ಇರುವ ಹಕ್ಕನ್ನೇ ಮೊದಲಿಗಿಟ್ಟರು. ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕೂ ಆ ಹತ್ತರಲ್ಲಿ ಸೇರಿದೆ.

ಇನ್ನು ಅಭಿರುಚಿಯ ಜಗಳ. ಮೊದಲು ನಿಲ್ಲಬೇಕಾದದ್ದು ತಾತ್ಸಾರ. 'ಅಯ್ಯೋ, ಅದನ್ನು ಓದ್ತೀಯಾ?' ಎಂಬ ಒಂದು ಮಾತು ಎಷ್ಟೋ ಮನೆಗಳಲ್ಲಿ ಓದನ್ನು ಕೊಂದಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದ ಮಧ್ಯೆ ಇಟ್ಟು ಓದಿದ ಪೀಳಿಗೆಯೊಂದಿದೆ. ಓದುವ ಚಟ ಅಲ್ಲಿ ಹತ್ತಿಸಿಕೊಂಡು ಶಿವರಾಮ ಕಾರಂತ, ಮಾಸ್ತಿಯವರೆಗೆ ಬಂದವರು ಆ ಪೀಳಿಗೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ತ್ರಿವೇಣಿಯವರ ಕಾದಂಬರಿಗಳನ್ನು 'ಹೆಂಗಸರ ಓದು' ಎಂದು ಪಕ್ಕಕ್ಕೆ ಸರಿಸಿದವರೂ ಇದ್ದರು. 1963ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಆಕೆ, ಬಾಣಂತಿಯ ಮನಸ್ಸಿನ ಕಾಯಿಲೆಯನ್ನೂ ಅದಕ್ಕೆ ಮನೆಮಂದಿ ತೋರುವ ಕ್ರೌರ್ಯವನ್ನೂ 'ಶರಪಂಜರ'ದಲ್ಲಿ ಬರೆದರು. ಆ ವಿಷಯವನ್ನು ಆಗ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಯಾರ ಕೈಯಲ್ಲಿ ಯಾವ ಪುಸ್ತಕ ಇದೆ ಎಂದು ನೋಡಿ ಅವರ ಬುದ್ಧಿಯನ್ನು ಅಳೆಯುವವರು ಓದಿನಿಂದ ಏನನ್ನೂ ಪಡೆದಿಲ್ಲ.

ತಾತ್ಸಾರ ಬೇಡ ಎಂದರೆ ವಾದವೇ ಬೇಡ ಎಂದಲ್ಲ. 'ಅವರವರ ರುಚಿ ಅವರವರಿಗೆ' ಎಂದು ಮಾತು ಮುಗಿಸಿಬಿಡುವುದೂ ಒಂದು ಬಗೆಯ ಅಸಡ್ಡೆ. ಎದುರಿನವರ ಅಭಿಪ್ರಾಯ ತಪ್ಪೆಂದು ಅನಿಸಿದರೆ ಕೂತು ವಾದ ಮಾಡುವುದೇ ಅವರಿಗೆ ಕೊಡುವ ಮರ್ಯಾದೆ. ಅದಕ್ಕೊಂದು ನಡತೆ ಬೇಕು, ಅಷ್ಟೆ.

ಟಾಲ್‌ಸ್ಟಾಯ್ ಅವರಿಗೆ ಶೇಕ್ಸ್‌ಪಿಯರ್ ಹಿಡಿಸಲಿಲ್ಲ. ಜಗತ್ತೇ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ನಾಟಕಕಾರನನ್ನು ನಿರಾಕರಿಸುವ ಮೊದಲು ಅವರು ಮಾಡಿದ್ದೇನು? ತಮ್ಮ 75ನೆಯ ವಯಸ್ಸಿನಲ್ಲಿ ಶೇಕ್ಸ್‌ಪಿಯರನನ್ನು ಮತ್ತೆ ಪೂರ್ತಿ ಓದಿದರು. ಆಮೇಲೆ 'ಲಿಯರ್' ನಾಟಕವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ, ತಮಗೆ ಯಾಕೆ ಒಗ್ಗಲಿಲ್ಲ ಎಂದು ಬರೆದರು. ಆ ಪ್ರಬಂಧ 1906ರಲ್ಲಿ ಹೊರಬಂತು. ನಲವತ್ತೊಂದು ವರ್ಷಗಳ ನಂತರ, 1947ರಲ್ಲಿ, ಜಾರ್ಜ್ ಆರ್ವೆಲ್ ಅದಕ್ಕೆ ಉತ್ತರ ಬರೆದರು. ಅವರೂ ಟಾಲ್‌ಸ್ಟಾಯ್ ಅವರನ್ನು ತಳ್ಳಿಹಾಕದೆ, ಅವರ ಪ್ರಬಂಧದ ಒಳಹೊಕ್ಕು, ಲಿಯರ್ ರಾಜನ ಬದುಕಿಗೂ ಟಾಲ್‌ಸ್ಟಾಯ್ ಅವರ ಬದುಕಿಗೂ ಇರುವ ಹೋಲಿಕೆಯನ್ನು ತೋರಿಸಿದರು. ಟಾಲ್‌ಸ್ಟಾಯ್ ಹೇಳಿದ್ದು ಸರಿಯೋ ತಪ್ಪೋ, ಓದಿ ಹೇಳಿದರು. ಎಷ್ಟೋ ವಾಗ್ವಾದಗಳು ಈ ಮೊದಲ ಮೆಟ್ಟಿಲಲ್ಲೇ ಎಡವುತ್ತವೆ. 'ನಾನು ಅದನ್ನು ಓದಿಲ್ಲ' ಎಂದು ಒಪ್ಪಿಕೊಳ್ಳುವುದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ನಮ್ಮಲ್ಲಿಯೂ ದೊಡ್ಡ ಉದಾಹರಣೆ ಇದೆ. ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕ 1944ರಲ್ಲಿ ಪ್ರಕಟವಾಯಿತು. ರಾಮಾಯಣದ ಉತ್ತರಕಾಂಡದಲ್ಲಿ ರಾಮನ ಕೈಯಲ್ಲಿ ಸಾಯುವ ಶಂಬೂಕ ಇಲ್ಲಿ ಸಾಯುವುದಿಲ್ಲ. ಅವನ ತಪಸ್ಸಿಗೆ ಅಸ್ತ್ರವೇ ತಲೆಬಾಗುತ್ತದೆ, ದೂರು ತಂದ ಬ್ರಾಹ್ಮಣನ ಕಣ್ಣು ತೆರೆಯುತ್ತದೆ. ಪುರಾಣದ ಕಥೆಯನ್ನು ಹೀಗೆ ತಿರುಗಿಸಿದ್ದು ಮಾಸ್ತಿಯವರಿಗೆ ಒಪ್ಪಿಗೆಯಾಗಲಿಲ್ಲ, ಬಹಿರಂಗವಾಗಿಯೇ ಆಕ್ಷೇಪಿಸಿದರು. ಕುವೆಂಪು ಸುಮ್ಮನಿರಲಿಲ್ಲ. ತಮ್ಮ ಇನ್ನೊಂದು ನಾಟಕ 'ಬೆರಳ್‌ಗೆ ಕೊರಳ್' ಮುನ್ನುಡಿಯಲ್ಲಿ ವಿಸ್ತಾರವಾಗಿ ಉತ್ತರ ಕೊಟ್ಟರು. ಹಳೆಯ ಕಥೆಯನ್ನು ಕವಿ ಎಷ್ಟು ದೂರದವರೆಗೆ ಬದಲಿಸಬಹುದು ಎಂಬುದು ಆ ವಾದದ ತಿರುಳು. ಅದು ಇಂದಿಗೂ ಜೀವಂತ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗಳು ಈಗಲೂ ಇಬ್ಬರ ಮಾತನ್ನೂ ಎದುರೆದುರು ಇಟ್ಟುಕೊಂಡು ಓದುತ್ತಾರೆ. ಜ್ಞಾನಪೀಠ 1967ರ ಸಾಲಿನಲ್ಲಿ ಕುವೆಂಪು ಅವರಿಗೂ 1983ರ ಸಾಲಿನಲ್ಲಿ ಮಾಸ್ತಿಯವರಿಗೂ ಸಂದಿತು. ಕನ್ನಡಕ್ಕೆ ಇಬ್ಬರೂ ಬೇಕಾಗಿದ್ದರು.

ಒಬ್ಬರ ಅಸಮಾಧಾನ ಇನ್ನೊಬ್ಬರನ್ನು ಬರೆಯಲು ಹಚ್ಚಿದ್ದೂ ಉಂಟು. ಭಾರತದ ಇತಿಹಾಸವನ್ನು ಗಂಭೀರವಾಗಿ ಎದುರುಗೊಳ್ಳುವ ನಾಟಕ ಕನ್ನಡದಲ್ಲಿಲ್ಲ ಎಂದು ಧಾರವಾಡದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕೊರಗಿದ್ದರು. ಆ ಮಾತು ಗಿರೀಶ ಕಾರ್ನಾಡರನ್ನು ಇತಿಹಾಸದ ಪುಸ್ತಕಗಳ ಕಡೆಗೆ ನೂಕಿತು. 1964ರಲ್ಲಿ 'ತುಘಲಕ್' ಬಂತು.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರಕ್ಕೆ ಹೋದವರು ವಾದದ ಈ ನಡತೆಯನ್ನು ಕಣ್ಣಾರೆ ಕಂಡಿದ್ದಾರೆ. ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಮಾತುಕತೆ. ಮೇಷ್ಟರು, ರೈತರು, ವಿದ್ಯಾರ್ಥಿಗಳು, ಗೃಹಿಣಿಯರು ಒಂದೇ ಚಪ್ಪರದ ಕೆಳಗೆ ಕೂತು ವಾದಿಸುತ್ತಾರೆ, ಒಂದೇ ಪಂಕ್ತಿಯಲ್ಲಿ ಊಟಕ್ಕೂ ಕೂರುತ್ತಾರೆ. ಮನೆಯಲ್ಲಿ, ಗೆಳೆಯರ ನಡುವೆ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಲು ಏನೂ ಅಡ್ಡಿಯಿಲ್ಲ. ಎದುರಿನವರಿಗೆ ಆ ಪುಸ್ತಕದಲ್ಲಿ ಯಾವ ಭಾಗ ಹಿಡಿಸಿತು ಎಂದು ಮೊದಲು ಕೇಳಿ, ಪುಟ ತೆರೆಸಿ, ಓದಿಸಿ. ನಿಮ್ಮ ಆಕ್ಷೇಪವನ್ನೂ ಪುಟ ತೋರಿಸಿಯೇ ಹೇಳಿ. 'ಬೋರು' ಎಂದು ಬಿಟ್ಟರೆ ಅಲ್ಲಿಗೆ ಮಾತು ಸತ್ತುಹೋಗುತ್ತದೆ. 'ಈ ಪಾತ್ರ ಇಲ್ಲಿ ಹೀಗೆ ಮಾಡಿದ್ದು ನನಗೆ ನಂಬಲಾಗಲಿಲ್ಲ' ಎಂದರೆ ಅರ್ಧ ಗಂಟೆಯ ಹರಟೆಗೆ ಅಷ್ಟೇ ಸಾಕು.

ಕನ್ನಡ ಓದುಗರಲ್ಲಿ ಭೈರಪ್ಪನವರ ಕಡೆಯವರು, ಅನಂತಮೂರ್ತಿಯವರ ಕಡೆಯವರು ಎಂಬ ಎರಡು ಪಾಳೆಯಗಳು ಬಹಳ ಕಾಲದಿಂದ ಇವೆ. 2007ರಲ್ಲಿ ಭೈರಪ್ಪನವರ 'ಆವರಣ' ಬಂದಾಗ ಆ ಬಿರುಕು ಪತ್ರಿಕೆಗಳ ಪುಟಗಳಲ್ಲಿ ಎದ್ದು ಕಂಡಿತು. ಇಬ್ಬರ ವಿಚಾರಗಳ ನಡುವಿನ ಅಂತರ ನಿಜವಾದದ್ದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಂದು ಸಂಗತಿ ನೆನಪಿಡಬೇಕು. ಅನಂತಮೂರ್ತಿಯವರ 'ಸಂಸ್ಕಾರ', ಭೈರಪ್ಪನವರ 'ವಂಶವೃಕ್ಷ' ಎರಡೂ ಪ್ರಕಟವಾದದ್ದು ಒಂದೇ ವರ್ಷ, 1965ರಲ್ಲಿ. ದೂರ್ವಾಸಪುರದ ಪ್ರಾಣೇಶಾಚಾರ್ಯರು, ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಇಬ್ಬರೂ ಧರ್ಮವನ್ನೇ ನೆಚ್ಚಿ ಬದುಕಿದವರು, ಇಬ್ಬರ ಕಾಲ ಕೆಳಗಿನ ನೆಲವೂ ಕುಸಿಯುತ್ತದೆ. ಗಿರೀಶ ಕಾರ್ನಾಡರು 'ಸಂಸ್ಕಾರ' ಚಿತ್ರದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದರು, ಬಿ. ವಿ. ಕಾರಂತರ ಜೊತೆಗೂಡಿ 'ವಂಶವೃಕ್ಷ'ವನ್ನು ನಿರ್ದೇಶಿಸಿದರು. ಒಂದೇ ತಲೆಯೊಳಗೆ ಎರಡೂ ಕಾದಂಬರಿಗಳಿಗೆ ಜಾಗ ಇತ್ತು.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯೂ ಅದೇ 1965ರದು. ಅದರಡಿ ನೀವು ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ. ಈ ತಿಂಗಳು ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಈ ಎರಡೂ ಕಾದಂಬರಿಗಳನ್ನು ಕೇಳಿ. ಒಂದನ್ನು ನೀವು ಓದಿ, ಇನ್ನೊಂದನ್ನು ನಿಮ್ಮ ಅಭಿಪ್ರಾಯವನ್ನು ಯಾವತ್ತೂ ಒಪ್ಪದ ಗೆಳೆಯರಿಗೋ ಅಕ್ಕನಿಗೋ ಕೊಡಿ. ಹದಿನೈದು ದಿನ ಬಿಟ್ಟು ಅದಲುಬದಲು ಮಾಡಿಕೊಳ್ಳಿ. ಎರಡನ್ನೂ ಓದಿ ಮುಗಿಸಿದ ಮೇಲೆ ಜಗಳಕ್ಕೆ ಕೂತುಕೊಳ್ಳಿ.