ಕರೆಯುವವನ ಧರ್ಮ

ತನಗೆ ಸತ್ಯವೆಂದು ತೋರಿದ ಮಾರ್ಗಕ್ಕೆ ಮತ್ತೊಬ್ಬನನ್ನು ಕರೆಯುವುದು ಧರ್ಮವೋ ಅಧರ್ಮವೋ? ಕ್ರೈಸ್ತಮತದ ವಿಷಯದಲ್ಲಿ ಈ ಪ್ರಶ್ನೆಯು ನಮ್ಮ ದೇಶದಲ್ಲಿ ಬಹುಕಾಲದಿಂದ ಕೋಪತಾಪಗಳಿಗೆ ಎಡೆಮಾಡಿಕೊಟ್ಟಿದೆ. ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಚಾರದ ಹಕ್ಕನ್ನು ಕೊಟ್ಟಿರುವುದೂ, ಆ ಹಕ್ಕಿನಲ್ಲಿ ಅನ್ಯನನ್ನು ಮತಾಂತರಗೊಳಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿರುವುದೂ ವಾಚಕ ಮಹಾಶಯರಿಗೆ ತಿಳಿದ ವಿಷಯವೇ. ಆದರೆ ಶಾಸನವು ಹೊರಗಿನ ಎಲ್ಲೆಯನ್ನು ಮಾತ್ರ ಗುರುತಿಸಬಲ್ಲುದು. ಎಲ್ಲೆಯೊಳಗೆ ನಿಂತು ಕರೆಯುವವನ ಮನಸ್ಸು ಹೇಗಿರಬೇಕೆಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು.

ಪಾಠಶಾಲೆಯಲ್ಲಿ ಓದಿ ಬೆಳೆದ ನಮ್ಮಂಥವರಿಗೆ, ತಾನಾಗಿ ಹೋಗಿ ಕರೆಯುವ ಗುರು ಎಂಬುದೇ ವಿಚಿತ್ರವಾಗಿ ತೋರುತ್ತದೆ. ನಮ್ಮಲ್ಲಿ ಸಮಿತ್ಪಾಣಿಯಾಗಿ ಬರತಕ್ಕವನು ಶಿಷ್ಯ, ಗುರುವು ಕಾದಿರತಕ್ಕವನು. ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು, ನೀರು ಇಳಿಜಾರಿಗೆ ಹರಿದು ಬರುವಂತೆ ಬ್ರಹ್ಮಚಾರಿಗಳು ತನ್ನೆಡೆಗೆ ಬರಲೆಂದು ಹಂಬಲಿಸುತ್ತಾನೆ. ಆದರೆ ಆ ಹಂಬಲವನ್ನು ಅಗ್ನಿಯ ಮುಂದೆ ಆಹುತಿಯೊಡನೆ ನಿವೇದಿಸುತ್ತಾನೆಯೇ ಹೊರತು ಬೀದಿಗಿಳಿದು ಕೂಗುವುದಿಲ್ಲ. ಯೇಸುಸ್ವಾಮಿಯಾದರೋ ಗಲಿಲಾಯದ ಸರೋವರದ ದಡಕ್ಕೆ ತಾನೇ ಹೋಗಿ, ಬಲೆ ಬೀಸುತ್ತಿದ್ದವರನ್ನು ಹಿಂಬಾಲಿಸಿರೆಂದು ಕರೆದನು. ಇದನ್ನು ಹೇಳಿ ನಗುವ ಪಂಡಿತರನ್ನು ನಾನು ಬಲ್ಲೆ. ನನಗೆ ನಗು ಬರುವುದಿಲ್ಲ. ಗುರುವು ಕಾದು ಕುಳಿತಿದ್ದ ಆ ಬಾಗಿಲಿಗೆ ಸಮಿತ್ತನ್ನು ಹಿಡಿದು ಬರುವ ಅಧಿಕಾರವೇ ನಮ್ಮಲ್ಲಿ ಎಷ್ಟು ಮಂದಿಗೆ ಇರಲಿಲ್ಲ! ಬೆಸ್ತನು ಬರಲಾರದೆಡೆಯಲ್ಲಿ ಕುಳಿತು ಬೆಸ್ತನು ಬರಲಿಲ್ಲವೆನ್ನುವುದು ಯಾವ ನ್ಯಾಯ? ಆದಕಾರಣ ಕರೆಯುವುದೇ ತಪ್ಪೆಂಬ ಪಕ್ಷವನ್ನು ನಾನು ಹಿಡಿಯಲಾರೆ.

ಇನ್ನು ಕರೆಯುವ ರೀತಿ. ಯೋಹಾನನ ಸುವಾರ್ತೆಯ ಮೊದಲಲ್ಲಿಯೇ ಒಂದು ಪ್ರಸಂಗವಿದೆ. ಫಿಲಿಪ್ಪನು ತನ್ನ ಗೆಳೆಯ ನತಾನಯೇಲನಿಗೆ ಸ್ವಾಮಿಯ ವಿಷಯ ತಿಳಿಸಲು, ಆತನು ನಜರೇತೆಂಬ ಊರನ್ನೇ ಹಳಿದುಬಿಡುತ್ತಾನೆ. ಫಿಲಿಪ್ಪನು ವಾದಕ್ಕಿಳಿಯುವುದಿಲ್ಲ, ನೊಂದುಕೊಳ್ಳುವುದೂ ಇಲ್ಲ. ಬಂದು ಕಣ್ಣಾರೆ ನೋಡಿಕೊಳ್ಳೆನ್ನುತ್ತಾನೆ, ಅಷ್ಟೇ. ನೋಡೆಂದು ಕರೆದವನು ತನ್ನನ್ನೂ ಪರೀಕ್ಷೆಗೆ ಒಡ್ಡಿಕೊಂಡಂತೆಯೇ ಸರಿ. ನೋಡಿದವನು ಒಪ್ಪದೆ ಹಿಂದಿರುಗಬಹುದು.

ಇಂಥ ಪರೀಕ್ಷೆಯು ನಮ್ಮ ದೇಶದಲ್ಲಿ ಗೀರ್ವಾಣಭಾಷೆಯಲ್ಲಿಯೇ ಒಮ್ಮೆ ನಡೆಯಿತು. ಕಂಪೆನಿ ಸರಕಾರದ ಅಧಿಕಾರಿಯಾಗಿದ್ದ ಜಾನ್ ಮ್ಯೂರ್ ಎಂಬಾತನು 1839ರಲ್ಲಿ, ಗುರುಶಿಷ್ಯ ಸಂವಾದರೂಪವಾಗಿ, ಕ್ರೈಸ್ತಮತವನ್ನು ಸ್ಥಾಪಿಸುವ 'ಮತಪರೀಕ್ಷಾ' ಎಂಬ ಗ್ರಂಥವನ್ನು ಶ್ಲೋಕಗಳಲ್ಲಿ ರಚಿಸಿ ಪ್ರಕಟಿಸಿದನು. ಸೋಮನಾಥನೆಂಬ ಹೆಸರಿನಿಂದೊಬ್ಬರು, ಕಲ್ಕತ್ತೆಯ ಹರಚಂದ್ರ ತರ್ಕಪಂಚಾನನರು, ಕಾಶಿಯ ನೀಲಕಂಠ ಗೋರೆ ಶಾಸ್ತ್ರಿಗಳು, ಈ ಮೂವರೂ ಸಂಸ್ಕೃತದಲ್ಲಿಯೇ ಖಂಡನೆಗಳನ್ನು ಬರೆದರು. ಪೂರ್ವಜನ್ಮವಿಲ್ಲವೆಂದರೆ ಹಸುಗೂಸುಗಳು ಪಡುವ ದುಃಖಕ್ಕೆ ಕಾರಣವೇನೆಂದು ನೀಲಕಂಠರು ಕೇಳಿದ ಪ್ರಶ್ನೆಯ ಮೊನೆ ಇಂದಿಗೂ ಮೊಂಡಾಗಿಲ್ಲ. ಅದೇ ನೀಲಕಂಠರು 1848ರಲ್ಲಿ ದೀಕ್ಷಾಸ್ನಾನವನ್ನು ಪಡೆದು ನೆಹೆಮ್ಯ ಗೋರೆ ಎಂಬ ಹೆಸರಿನಿಂದ ಪ್ರಸಿದ್ಧರಾದರು! ಅವರು ಸರಿಯಾದುದನ್ನು ಮಾಡಿದರೋ ಇಲ್ಲವೋ ಎಂಬುದು ಇಲ್ಲಿ ಪ್ರಕೃತವಲ್ಲ. ಉತ್ತರ ಹೇಳಬಲ್ಲವನನ್ನು, ಉತ್ತರ ಹೇಳಲು ಎಡೆಯಿಟ್ಟು, ಅವನ ಶಾಸ್ತ್ರದ ಭಾಷೆಯಲ್ಲಿ ಕರೆದರೆ ಅದರಲ್ಲಿ ಅಗೌರವವೇನೂ ಇಲ್ಲ. ಅಂಥವನು ಬಂದರೂ ತನ್ನ ಕಾಲಿನಿಂದಲೇ ಬಂದಾನು.

ಕಷ್ಟವಾದ ಪ್ರಶ್ನೆ ಬೇರೆ. ಉತ್ತರ ಹೇಳಲಾರದವನನ್ನು, ಕರೆಯುವವನ ಅನ್ನದಿಂದಲೇ ಬದುಕುತ್ತಿರುವವನನ್ನು, ಕರೆಯುವ ಬಗೆ ಹೇಗೆ? ಇದಕ್ಕೆ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ನೋಡಬೇಕು. ಆಕೆ 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ, ಅನಂತಶಾಸ್ತ್ರಿ ಡೋಂಗರೆಯವರ ಮಗಳಾಗಿ ಹುಟ್ಟಿದವರು. ಸಂಸ್ಕೃತ ವಿದ್ಯೆಗಾಗಿಯೇ 'ಪಂಡಿತಾ' ಎಂಬ ಬಿರುದನ್ನು ಪಡೆದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದವರು. ಹಾಗಾದ ಮೇಲೂ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಒಂದು ಪುರೋಹಿತವರ್ಗದ ನೊಗವನ್ನು ಕಳಚಿದ್ದು ಮತ್ತೊಂದಕ್ಕೆ ಕೊರಳೊಡ್ಡುವುದಕ್ಕಲ್ಲವೆಂದು ಖಂಡಿತವಾಗಿ ತಿಳಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಾಗ, ಅಲ್ಲಿ ಮತಬೋಧೆ ನಡೆಯುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರದಲ್ಲಿರಬಹುದು ಎಂಬುದೇ ಏರ್ಪಾಡು. ಸದನವು ಪುಣೆಗೆ ಬಂದಮೇಲೆ ಗಲಭೆಯೆದ್ದಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ಒಳಗೆ ಬಂದು ಕುಳಿತುಕೊಳ್ಳುತ್ತಿದ್ದರು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾಮಂಡಲಿಗೆ ರಾಜೀನಾಮೆ ಕೊಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ತೆರೆದ ಬಾಗಿಲು ಆಮಿಷವೇ? ಹೌದೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೇರೊಂದು ಸೂರಿಲ್ಲದ ಬಾಲವಿಧವೆಗೆ, ಅಕ್ಕರೆಯಿಂದ ಅನ್ನವಿಕ್ಕಿ ಅಕ್ಷರ ಕಲಿಸಿದ ತಾಯಿಯಂಥವರ ಬಾಗಿಲು ಎಷ್ಟು ಸೆಳೆಯುವುದೆಂದು ಹೇಳಬೇಕೆ? ಅಲ್ಲಿ ಬಾಯಿಬಿಟ್ಟು ಕರೆಯುವ ಅಗತ್ಯವೇ ಇಲ್ಲ. ಕೃತಜ್ಞತೆಯೇ ಕೈಹಿಡಿದು ಒಳಕ್ಕೆಳೆಯುತ್ತದೆ. ಇಷ್ಟಾದರೂ ಬಾಗಿಲನ್ನು ಮುಚ್ಚಬೇಕಾಗಿತ್ತೆಂದು ನನಗೆ ತೋರುವುದಿಲ್ಲ. ತನ್ನ ದೇವರನ್ನು ಅಗುಳಿಯ ಹಿಂದೆ ಅಡಗಿಸಿಟ್ಟು ಪೂಜಿಸೆಂದು ನಮ್ಮ ಮನೆಯ ಹೆಂಗಸಿಗೆ ಯಾರಾದರೂ ಹೇಳಿದರೆ ನಾವು ಸೈರಿಸುತ್ತೇವೆಯೇ? ಒಳಗೆ ಹೋದವರೆಷ್ಟು ಮಂದಿಯೆಂದು ಎಲ್ಲರೂ ಲೆಕ್ಕ ಹಾಕಿದರು. ಹೊರಗೇ ಉಳಿದವಳ ಎಲೆಗೆ ಬೀಳುವ ಅನ್ನದಲ್ಲಿ, ಅವಳ ಪಾಠದಲ್ಲಿ, ಅವಳೊಡನೆ ಆಡುವ ಮಾತಿನಲ್ಲಿ ಏನಾದರೂ ಕಡಮೆಯಾಯಿತೇ ಎಂದು ಕೇಳಬೇಕಾಗಿತ್ತು. ಈ ಪ್ರಶ್ನೆಗೆ ಒಂದು ಸಾಕ್ಷ್ಯವುಂಟು. ಆ ಸದನದ ಮೊದಮೊದಲಿನ ವಿದ್ಯಾರ್ಥಿನಿಯರಲ್ಲೊಬ್ಬರಾದ ಗೋದೂಬಾಯಿಯವರು ಅಲ್ಲಿ ವರ್ಷಗಟ್ಟಲೆ ಇದ್ದೂ ಕ್ರೈಸ್ತರಾಗಲಿಲ್ಲ. 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ವಿವಾಹವಾದರು. ವಿಧವೆಯರಿಗಾಗಿ ಕರ್ವೆಯವರು ತಮ್ಮ ಆಶ್ರಮವನ್ನು ತೆರೆದದ್ದು 1896ರಲ್ಲಿ. ಅಲ್ಲಿಯವರೆಗೆ ಪುಣೆಯಲ್ಲಿ ಗದ್ದಲವೆಬ್ಬಿಸಿದವರು, ಬಿಡಿಸಿಕೊಂಡು ಬಂದ ಹುಡುಗಿಯರಿಗೆ ಬೇರಾವ ಪಾಠಶಾಲೆಯ ಬಾಗಿಲನ್ನು ತೆರೆದುಕೊಟ್ಟರೆಂಬುದನ್ನೂ ವಿಚಾರಿಸಬಹುದು.

ಹಾಗಾದರೆ ಅನ್ನವಿಕ್ಕುವವನು ಮತದ ಮಾತನ್ನೇ ಎತ್ತಕೂಡದೇ ಎಂದು ನನ್ನ ಕ್ರೈಸ್ತಮಿತ್ರರೊಬ್ಬರು ಕೇಳುವುದುಂಟು. ಎತ್ತಲಿ, ಆದರೆ ಎಲೆಯ ಮುಂದೆ ಕುಳಿತವನೊಡನೆ ಬೇಡ, ಉಂಡು ಕೈತೊಳೆದು, ಬೇಕೆಂದರೆ ಎದ್ದು ಹೋಗಬಲ್ಲವನೊಡನೆ ಎತ್ತಲಿ. ಇದು ನನ್ನ ಹೊಸ ಕಟ್ಟಳೆಯಲ್ಲ. ಅವರ ಗ್ರಂಥದಲ್ಲಿಯೇ, ಯೋಹಾನನ ಆರನೆಯ ಅಧ್ಯಾಯದಲ್ಲಿ, ಐದು ರೊಟ್ಟಿ ಎರಡು ಮೀನುಗಳಿಂದ ಐದು ಸಾವಿರ ಮಂದಿ ಗಂಡಸರ ಸಮೂಹಕ್ಕೆ ಊಟವಾಗುತ್ತದೆ. ಜನರು ಅವನನ್ನು ಹಿಡಿದು ಅರಸನನ್ನಾಗಿ ಮಾಡಲು ಬಂದಾಗ ಸ್ವಾಮಿಯು ಬೆಟ್ಟಕ್ಕೆ ಹೊರಟುಹೋಗುತ್ತಾನೆ. ಮರುದಿನ ಅವರು ಹುಡುಕಿಕೊಂಡು ಬಂದಾಗ, ಅವರನ್ನು ತಂದದ್ದು ರೊಟ್ಟಿಯೆಂದು ಮುಖಕ್ಕೇ ಹೇಳುತ್ತಾನೆ; ಆಮೇಲೆ ಕೇಳಿದವರು ಗೊಣಗುವಷ್ಟು ಕಠಿನವಾದ ಉಪದೇಶವನ್ನು ಮಾಡುತ್ತಾನೆ. ಶಿಷ್ಯರಲ್ಲಿ ಅನೇಕರು ಅಂದೇ ಬಿಟ್ಟುಹೋದರು. ಅವರನ್ನು ಕೂಗಿ ಹಿಂದಕ್ಕೆ ಕರೆದನೆಂದಾಗಲಿ, ಶಪಿಸಿದನೆಂದಾಗಲಿ, ಉಣಿಸಿದ್ದನ್ನು ಎತ್ತಿ ಆಡಿದನೆಂದಾಗಲಿ ಅಲ್ಲಿ ಬರೆದಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆಗೆ ತಿರುಗಿ, ನಿಮಗೂ ಹೋಗುವ ಮನಸ್ಸುಂಟೋ ಎಂದು ಕೇಳಿದನು.