ಹಗ್ಗದ ಹೊರಗೆ ನಿಂತ ತಂದೆ

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಕೆಲವು ಸುಲಭವಾದವುಗಳು. ಕೆಲವಾದರೋ, ಕೇಳಿದ ಮಗು ನಿದ್ದೆಹೋದ ಮೇಲೆಯೂ ಕೇಳಿಸಿಕೊಂಡವನನ್ನು ನಿದ್ದೆಗೊಡದೆ ಕಾಡುವಂಥವುಗಳು. 2023ನೇ ಇಸವಿಯ ಜೂನ್ ತಿಂಗಳ ಒಂದು ರಾತ್ರಿ ಏಳು ವರುಷದ ನನ್ನ ಮಗಳು ಇಂಥಾದ್ದೊಂದು ಪ್ರಶ್ನೆಯನ್ನು ನನಗೆ ಹಾಕಿದಳು. “ಅಪ್ಪಾ, ನೀನು ಹಗ್ಗದ ಒಳಗೆ ಕಾಲಿಟ್ಟವನು ತಿರಿಗಿ ಹೊರಗೆ ಯಾಕೆ ಹೋದಿ?” ಎಂಬದೇ ಆ ಪ್ರಶ್ನೆ. ಆಗ ನಾನು ಏನೋ ಒಂದು ಮಾತನ್ನು ಹೇಳಿ ಅವಳನ್ನು ಮಲಗಿಸಿದೆನು. ಆದರೆ ಅದು ಉತ್ತರವಲ್ಲವೆಂದು ನನ್ನ ಮನಸ್ಸಿಗೆ ಗೊತ್ತಿತ್ತು. ತಂದೆತಾಯಿಗಳಾದ ನಾವು ಮಕ್ಕಳಿಗೆ ಯಾವಾಗ ಕೈಕೊಡಬೇಕು, ಯಾವಾಗ ಕೈಯನ್ನು ಹಿಂದೆಗೆಯಬೇಕು ಎಂಬ ವಿಚಾರವು ನಮ್ಮೆಲ್ಲರಿಗೂ ಸಂಬಂಧಪಟ್ಟದ್ದಾಗಿರುವದರಿಂದ, ನಡೆದ ಸಂಗತಿಯನ್ನು ಮೊದಲು ತಿಳಿಸಿ, ಆ ಮೇಲೆ ನಿಮ್ಮ ಸಂಗಡ ಕೂತು ವಿಚಾರಿಸಬೇಕೆಂದಿದ್ದೇನೆ.

ನನ್ನ ಹುಟ್ಟೂರು ಗದಗಿನ ಹತ್ತಿರದ ಒಂದು ಹಳ್ಳಿ. ಉದ್ಯೋಗದ ನಿಮಿತ್ತ ನಾನು ಕುಟುಂಬದೊಂದಿಗೆ ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿರುವ ಸ್ಯಾನ್ ಡಿಯೇಗೋ ಎಂಬ ಪಟ್ಟಣದಲ್ಲಿ ವಾಸಮಾಡುತ್ತೇನೆ. ಈ ಪಟ್ಟಣವು ಟ್ರಯಥ್ಲಾನ್ ಎಂಬ ಪಂದ್ಯದ ತವರೂರು. ಆ ಹೆಸರು ಗ್ರೀಕ್ ಮಾತುಗಳಿಂದ ಕೂಡಿದ್ದು. ಮೂರು ಪಂದ್ಯಗಳೆಂದು ಅದರ ಅರ್ಥ. ಮೊದಲು ಈಸಬೇಕು, ಆ ಮೇಲೆ ಸೈಕಲ್ ತುಳಿಯಬೇಕು, ಕಡೆಗೆ ಓಡಬೇಕು. 1974ನೇ ಇಸವಿ ಸೆಪ್ಟೆಂಬರ್ 25ನೇ ತಾರೀಖಿನಲ್ಲಿ ಇಲ್ಲಿಯ ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ, ಊರಿನ ಓಟಗಾರರ ಸಂಘದವರು ಈ ಹೆಸರಿನಿಂದ ಒಂದು ಪಂದ್ಯವನ್ನು ನಡಿಸಿದರು. 46 ಮಂದಿ ಅದರಲ್ಲಿ ಸೇರಿದ್ದರು. ಆ ಸಣ್ಣ ಬೀಜವು ಬೆಳೆದು ಮರವಾಗಿ, 2000ನೇ ಇಸವಿಯಲ್ಲಿ ಸಿಡ್ನಿ ಪಟ್ಟಣದ ಒಲಿಂಪಿಕ್ ಪಂದ್ಯಗಳಲ್ಲಿ ಸ್ಥಳವನ್ನು ಪಡೆಯಿತು. ಅಲ್ಲಿ ದೊಡ್ಡವರು ಒಂದೂವರೆ ಕಿಲೋಮೀಟರ್ ಈಸಿ, 40 ಕಿಲೋಮೀಟರ್ ಸೈಕಲ್ ತುಳಿದು, 10 ಕಿಲೋಮೀಟರ್ ಓಡತಕ್ಕದ್ದು. ಎಳೇ ಮಕ್ಕಳಿಗಾದರೋ ಅವರವರ ವಯಸ್ಸಿಗೆ ತಕ್ಕಂತೆ ದಾರಿಯನ್ನು ಮೊಟಕುಮಾಡುತ್ತಾರೆ. ನನ್ನ ಮಗಳ ಪಾಲಿಗೆ ಬಂದದ್ದು, ಕೊಳದಲ್ಲಿ 100 ಗಜ ಈಸುವದು, ಸೈಕಲ್ಲಿನ ಮೇಲೆ 3 ಮೈಲು, ಓಟ ಅರ್ಧ ಮೈಲು.

ಈ ಪಂದ್ಯದಲ್ಲಿ ಎರಡು ಕಟ್ಟಳೆಗಳುಂಟು. ಅವುಗಳನ್ನು ತಿಳಿಯದಿದ್ದರೆ ಮುಂದಿನ ಸಂಗತಿ ತಿಳಿಯಲಾರದು. ಒಂದನೇದು: ನೀರಿಗೆ ಇಳಿದಂದಿನಿಂದ ಗುರಿ ಮುಟ್ಟುವ ತನಕ ಗಡಿಯಾರವು ನಿಲ್ಲುವದಿಲ್ಲ, ನೀರಿನಿಂದೆದ್ದು ಕಾಲುಜೋಡು ಮೆಟ್ಟುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಎರಡನೇದು: ತಲೆಗೆ ಶಿರಸ್ತ್ರಾಣವನ್ನು ಇಟ್ಟು, ಅದರ ಪಟ್ಟಿಯ ಕೊಂಡಿಯನ್ನು ಗದ್ದದ ಕೆಳಗೆ ಹಾಕಿದ ಮೇಲೆಯೇ ಸೈಕಲ್ಲನ್ನು ಮುಟ್ಟಬೇಕು. ಬಿದ್ದರೆ ತಲೆಯೊಡೆಯಬಾರದೆಂಬದೇ ಇದರ ಉದ್ದೇಶ. ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ ಅಂಗಳಕ್ಕೆ ಸುತ್ತಲೂ ಹಗ್ಗ ಕಟ್ಟಿದ್ದರು. ಅದರೊಳಗೆ ತಂದೆತಾಯಿಗಳು ಹೋಗಕೂಡದೆಂದು ಮುಂಚೆಯೇ ಸಾರಿದ್ದರು.

ನಾನು ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಂದ್ಯಕ್ಕೆ ಸೇರಬೇಕೆಂದು ಮೊದಲು ಕೇಳಿದವಳು ಮಗಳೇ ಹೌದು. ನೆರೆಮನೆಯ ಹುಡುಗಿಯ ಕೊರಳಲ್ಲಿ ಪದಕವನ್ನು ನೋಡಿ ಆಶೆಪಟ್ಟಳು. ಆದರೆ ಅವಳ ಆಶೆಗೆ ಎಣ್ಣೆ ಹೊಯ್ದವನು ನಾನು. ಊರಲ್ಲಿರುವ ಬಂಧುಗಳಿಗೆ ಅವಳ ಚಿತ್ರವನ್ನು ಕಳುಹಿಸಿ, ನೋಡಿರಿ, ನಮ್ಮ ಕೂಸು ಎಂಥಾದ್ದು ಎಂದು ಹೇಳಿಸಿಕೊಳ್ಳಬೇಕೆಂಬ ಬಯಕೆ ನನ್ನ ಹೊಟ್ಟೆಯಲ್ಲಿತ್ತು. ನಮ್ಮ ಮಕ್ಕಳ ಕಾಲುಗಳಿಂದ ನಾವು ಓಡಬೇಕೆಂದಿರುವದು ಎಷ್ಟು ಸಾಧಾರಣವಾದ ತಪ್ಪೆಂದರೆ, ಅದನ್ನು ಪ್ರೀತಿಯೆಂದೇ ಎಣಿಸಿಕೊಂಡಿರುತ್ತೇವೆ.

ಆ ಮುಂಜಾನೆ ಅವಳು ನೀರಿಗೆ ಇಳಿದಳು. ಕೊಳದ ಉದ್ದವನ್ನು ನಾಲ್ಕು ಸಾರಿ ದಾಟಬೇಕಿತ್ತು. ದಣಿದ ಮಕ್ಕಳು ನಡುನಡುವೆ ತೇಲುವ ಮಿಣಿಯನ್ನು ಹಿಡಿದು ದಮ್ಮು ಬಿಡುವದಕ್ಕೆ ಅಪ್ಪಣೆಯಿತ್ತು. ಇವಳು ಎರಡು ಸಾರಿ ಹಿಡಿದಳು. ಮೂರನೇ ಸಾರಿ ದಾಟುವಾಗ ನಾನು ದಡದಿಂದ ಅವಳ ಹೆಸರನ್ನು ಹಿಡಿದು ಗಟ್ಟಿಯಾಗಿ ಕೂಗಿದೆನು. ಅವಳು ನನ್ನ ಕಡೆಗೆ ತಲೆಯೆತ್ತಿ ನೋಡಿ, ನೀರು ಕುಡಿದು ಕೆಮ್ಮಿದಳು. ಧೈರ್ಯಕೊಡುವದಕ್ಕೆ ಕೂಗಿದ ಕೂಗು ಅವಳಿಗೆ ಅಡ್ಡಿಯಾಯಿತು. ಆ ಮೇಲೆ ನಾನು ಬಾಯಿ ಮುಚ್ಚಿಕೊಂಡೆನು. ಅವಳು ಈಸಿ ಮುಗಿಸಿದಳು.

ಅಲ್ಲಿಂದ ಓಡಿಬಂದು ತನ್ನ ಸೈಕಲ್ಲಿನ ಹತ್ತಿರ ನಿಂತು ಕಾಲುಜೋಡನ್ನು ಮೆಟ್ಟಿ, ಶಿರಸ್ತ್ರಾಣವನ್ನು ತಲೆಗಿಟ್ಟಳು. ಕೊಂಡಿಯನ್ನು ಹಾಕಲು ಹೋದರೆ ಅದು ಬೀಳಲೊಲ್ಲದು. ಬೆರಳುಗಳು ಒದ್ದೆ, ಚಳಿಯಿಂದ ನಡುಗುತ್ತಿದ್ದವು. ಆದರೆ ಬೆರಳುಗಳ ತಪ್ಪು ಸ್ವಲ್ಪವೇ. ಮನೆಯಲ್ಲಿ ಆ ಕೊಂಡಿಯನ್ನು ದಿನಾಲು ಹಾಕುತ್ತಿದ್ದವನು ನಾನು. ತಡವಾಗಬಾರದೆಂದು, ಗದ್ದದ ಚರ್ಮ ಸಿಕ್ಕಿ ನೋಯಬಾರದೆಂದು, ಅವಳು ಕೈಯೆತ್ತುವಷ್ಟರಲ್ಲಿ ನಾನೇ ಹಾಕಿಬಿಡುತ್ತಿದ್ದೆನು. ಈಸುವದನ್ನು ಕಲಿಸಿದ್ದೆನು, ಸೈಕಲ್ಲನ್ನು ಕಲಿಸಿದ್ದೆನು. ಒಂದು ಕೊಂಡಿಯನ್ನು ಕಲಿಸಿರಲಿಲ್ಲ. ಈಗ ಅವಳ ನಂತರ ನೀರಿನಿಂದೆದ್ದ ಮಕ್ಕಳು ಒಬ್ಬೊಬ್ಬರಾಗಿ ಸೈಕಲ್ಲನ್ನು ತಳ್ಳಿಕೊಂಡು ಅವಳನ್ನು ದಾಟಿ ಹೋಗುತ್ತಿದ್ದರು. ಅವಳು ಅಳುವದಕ್ಕೆ ಮೊದಲುಮಾಡಿದಳು.

ನನಗೂ ಅವಳಿಗೂ ಹತ್ತು ಮೊಳದ ಅಂತರವಿತ್ತು. ನನ್ನ ಎರಡು ಬೆರಳಿಗೆ ಅದು ಕಣ್ಣುಮುಚ್ಚಿ ತೆರೆಯುವಷ್ಟರ ಕೆಲಸ. ನಾನು ಹಗ್ಗವನ್ನೆತ್ತಿ ಒಂದು ಕಾಲನ್ನು ಒಳಗಿಟ್ಟೆನು. ಅವಳು ನನ್ನನ್ನು ಕಂಡಳು. ಕಂಡ ಕೂಡಲೆ ಅವಳ ಎರಡು ಕೈಗಳು ಪಟ್ಟಿಯನ್ನು ಬಿಟ್ಟು ಕೆಳಗೆ ಇಳಿದವು. ಗದ್ದವನ್ನು ಎತ್ತಿ ನನಗೋಸ್ಕರ ಕಾದು ನಿಂತಳು. ವಾಚಕರೇ, ಆ ಇಳಿದ ಕೈಗಳನ್ನು ನಾನು ಎಂದಿಗೂ ಮರೆಯಲಾರೆನು. ಆ ವರೆಗೆ ಅವು ಪ್ರಯತ್ನಮಾಡುತ್ತಲೇ ಇದ್ದವು. ಅವುಗಳನ್ನು ನಿಲ್ಲಿಸಿದ್ದು ಕೊಂಡಿಯಲ್ಲ, ನಾನು. ನಾನು ಕಾಲನ್ನು ಹಿಂದಕ್ಕೆ ತೆಗೆದು, ಹಗ್ಗವನ್ನು ಕೆಳಗಿಳಿಸಿ, “ನೀನೇ ಹಾಕು, ನಾನು ಇಲ್ಲೇ ಇದ್ದೇನೆ” ಎಂದೆನು. ಅವಳ ಮುಖದ ಮೇಲೆ ಮೂಡಿದ್ದು ಕೃತಜ್ಞತೆಯಲ್ಲ, ಕೋಪ. ಆ ಕೋಪದಿಂದಲೇ ಪಟ್ಟಿಯನ್ನು ತಿರಿಗಿ ಹಿಡಿದಳು. ನಾಲ್ಕನೆಯದೋ ಐದನೆಯದೋ ಪ್ರಯತ್ನದಲ್ಲಿ ಕೊಂಡಿಯು ಟಕ್ಕೆಂದು ಬಿತ್ತು. ನನ್ನ ಕಡೆಗೆ ನೋಡದೆ ಸೈಕಲ್ಲನ್ನು ತಳ್ಳಿಕೊಂಡು ಹೋದಳು. ಕಡೆಯವರಿಬ್ಬರಿಗಿಂತ ಮುಂದಾಗಿ ಗುರಿಯನ್ನು ಮುಟ್ಟಿದಳು.

ಹೀಗಿರಲಾಗಿ ನಾನು ಮಾಡಿದ್ದು ಸರಿಯೋ ತಪ್ಪೋ? ಕಟ್ಟಳೆಯಿತ್ತು, ಆದದರಿಂದ ಹಿಂದಕ್ಕೆ ಬಂದೆನು ಎಂದು ಹೇಳಿದರೆ ಅದು ಸುಳ್ಳು. ಯಾಕಂದರೆ ಕಟ್ಟಳೆಯನ್ನು ಮೀರಿಯೇ ನಾನು ಕಾಲಿಟ್ಟಿದ್ದೆನು. ಕಟ್ಟಳೆಯು ಎಲ್ಲಾ ಸಂದರ್ಭಗಳಿಗೂ ಸಾಕಾಗುವದೂ ಇಲ್ಲ. ಕೊಳದಲ್ಲಿ ಅವಳು ಮುಳುಗುವದನ್ನು ಕಂಡಿದ್ದರೆ, ನೂರು ಹಗ್ಗಗಳಿದ್ದರೂ ನಾನು ಹಾರತಕ್ಕದ್ದೇ. ಆದದರಿಂದ ಮೊದಲನೇ ಭೇದವೇನಂದರೆ, ಅಪಾಯವು ಬೇರೆ, ಕಷ್ಟವು ಬೇರೆ. ಅಪಾಯದಲ್ಲಿರುವ ಮಗುವನ್ನು ನೋಡುತ್ತಾ ನಿಲ್ಲುವವನು ತಂದೆಯಲ್ಲ. ಕಷ್ಟದಲ್ಲಿರುವ ಮಗುವನ್ನಾದರೋ ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುವದಕ್ಕೆ ತಂದೆಯು ಕಲಿಯಬೇಕು. ನಮ್ಮಲ್ಲಿ ಅನೇಕರು ಈ ಎರಡನ್ನು ಬೆರಸಿ, ಮಗುವಿನ ಕಣ್ಣೀರೆಲ್ಲಾ ಅಪಾಯವೆಂದು ಓಡಿಹೋಗುತ್ತೇವೆ.

ಎರಡನೇ ಭೇದವು ಇನ್ನೂ ಸೂಕ್ಷ್ಮವಾದದ್ದು. ಸಹಾಯಮಾಡಬೇಕೆಂದು ಎದೆಯು ಹಾರುವಾಗ, ಯಾರ ನೋವನ್ನು ಹೋಗಲಾಡಿಸಬೇಕೆಂದಿದ್ದೇನೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಅವಳ ಕಣ್ಣೀರು ಅವಳನ್ನು ಅಷ್ಟೊಂದು ನೋಯಿಸಲಿಲ್ಲ, ಮಧ್ಯಾಹ್ನಕ್ಕೆ ಮರೆತಿದ್ದಳು. ಅದು ನೋಯಿಸಿದ್ದು ನನ್ನನ್ನು. ಬಳಿಯಲ್ಲಿದ್ದ ಜನರು ನೋಡುತ್ತಾರಲ್ಲಾ ಎಂಬ ನಾಚಿಕೆಯೂ ಅದರಲ್ಲಿ ಕೂಡಿತ್ತು. ನನ್ನ ಸಂಕಟವನ್ನು ಕಳೆದುಕೊಳ್ಳುವದಕ್ಕೋಸ್ಕರ ಅವಳ ಕೆಲಸವನ್ನು ಕಸಿದುಕೊಳ್ಳುವದು ಸಹಾಯವೆಂಬ ಹೆಸರುಳ್ಳ ಕಳವು.

ಆದರೆ ಒಬ್ಬನು ಎದ್ದು ಹೀಗೆ ಹೇಳಬಹುದು: “ಅಯ್ಯಾ, ಇದು ಕಠಿಣವಾದ ಬೋಧನೆ. ಮಕ್ಕಳ ಕಡೆಗೆ ತಿರಿಗಿ ನೋಡದ ಸೋಮಾರಿ ತಂದೆಗಳಿಗೆ ಇದು ಒಳ್ಳೇ ನೆಪವಾಗುವದು.” ಈ ಆಕ್ಷೇಪಣೆ ನ್ಯಾಯವಾದದ್ದು. ಇದಕ್ಕೆ ನನ್ನ ತಂದೆಯೇ ಉತ್ತರಕೊಡಲಿ. ನಮ್ಮ ಹಳ್ಳಿಯ ಬಾವಿಯಲ್ಲಿ ಅವರು ನನಗೆ ಈಸು ಕಲಿಸಿದಾಗ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಮೆಟ್ಟಲ ಮೇಲೆ ನಿಲ್ಲುತ್ತಿದ್ದರು. ನಾನು ಕೈಕಾಲು ಬಡಿದು ಅರಚಿದರೂ ಹಗ್ಗವನ್ನು ಎಳೆಯುತ್ತಿರಲಿಲ್ಲ. ಅದು ಸಡಿಲಾಗಿಯೇ ನೀರಿನ ಮೇಲೆ ಬಿದ್ದಿರುತ್ತಿತ್ತು. ಆದರೆ ನಾನು ಬಾವಿಯಲ್ಲಿದ್ದಷ್ಟು ಹೊತ್ತು ಅವರು ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ, ದಾರಿಯಲ್ಲಿ ಹೋಗುವವರ ಸಂಗಡ ಮಾತಾಡಲಿಲ್ಲ. ಹಗ್ಗವಿಲ್ಲದೆ ಮಗುವನ್ನು ನೂಕುವವನು ಕ್ರೂರನು. ಹಗ್ಗವನ್ನು ಬಿಗಿಯಾಗಿ ಎಳೆದುಕೊಂಡೇ ಇರುವವನು ಮಗುವನ್ನು ಎಂದಿಗೂ ಈಸಗೊಡದವನು. ಹಗ್ಗವನ್ನು ಸಡಿಲಬಿಟ್ಟು ಕೈಯನ್ನು ಬಿಡದಿರುವವನಿಗೆ ಇಬ್ಬರಿಗಿಂತಲೂ ಹೆಚ್ಚು ಆಯಾಸ. ಸೋಮಾರಿಯಿಂದ ಇದು ಆಗುವ ಕೆಲಸವಲ್ಲ.

ಸಹಾಯವೆಲ್ಲಾ ತಪ್ಪೆಂದು ನಾನು ಹೇಳುತ್ತೇನೆಂದು ಯಾರೂ ತಿಳಿಯಬಾರದು. ಇದೇ ಪಂದ್ಯದ ಚರಿತ್ರೆಯಲ್ಲಿ ಎರಡು ದೃಷ್ಟಾಂತಗಳುಂಟು. ಅಮೇರಿಕಾದ ಮ್ಯಾಸಚೂಸೆಟ್ಸ್ ಪ್ರಾಂತದ ಡಿಕ್ ಹಾಯ್ಟ್ ಎಂಬವರಿಗೆ 1962ರಲ್ಲಿ ಹುಟ್ಟಿದ ರಿಕ್ ಎಂಬ ಮಗನು ಕೈಕಾಲು ಸ್ವಾಧೀನವಿಲ್ಲದವನೂ ಬಾಯಿಂದ ಮಾತಾಡಲಾರದವನೂ ಆಗಿದ್ದನು. ಆ ಮಗನೇ ಓಟಕ್ಕೆ ಹೋಗಬೇಕೆಂದು ಯಂತ್ರದ ಮೂಲಕ ತಿಳಿಸಿದ್ದರಿಂದ, ತಂದೆಯು 1977ರಲ್ಲಿ ಅವನನ್ನು ಗಾಲಿಯ ಕುರ್ಚಿಯಲ್ಲಿ ಕೂರಿಸಿ ತಳ್ಳುತ್ತಾ ಓಡಿದರು. 1989ರಲ್ಲಿ ಹವಾಯಿ ದ್ವೀಪದ ಅತಿ ದೀರ್ಘವಾದ ಟ್ರಯಥ್ಲಾನಿನಲ್ಲಿ ಮಗನಿದ್ದ ದೋಣಿಯನ್ನು ಎಳೆಯುತ್ತಾ ಈಸಿ, ಸೈಕಲ್ಲಿನ ಮುಂಭಾಗದಲ್ಲಿ ಅವನನ್ನು ಕೂರಿಸಿ ತುಳಿದು, ಕುರ್ಚಿಯನ್ನು ತಳ್ಳಿಕೊಂಡು ಓಡಿ ಮುಗಿಸಿದರು. ತಂದೆಯು 2021ರಲ್ಲಿಯೂ ಮಗನು 2023ರಲ್ಲಿಯೂ ತೀರಿಕೊಂಡರು. ಇನ್ನೊಂದು, 2016ನೇ ಇಸವಿಯ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ದೇಶದ ಕೊಜುಮೆಲ್ ಎಂಬಲ್ಲಿ ನಡೆದದ್ದು. ಇಂಗ್ಲೆಂಡಿನ ಜಾನಿ ಬ್ರೌನ್ಲೀ ಮುಂದಾಗಿ ಓಡುತ್ತಿದ್ದವನು ಬಿಸಿಲಿನ ತಾಪದಿಂದ ಗುರಿಯ ಹತ್ತಿರ ತೂರಾಡತೊಡಗಿದನು. ಹಿಂದಿನಿಂದ ಬಂದ ಅಣ್ಣನಾದ ಅಲಿಸ್ಟರ್ ತಾನು ಗೆಲ್ಲುವ ಆಶೆಯನ್ನು ಬಿಟ್ಟು, ತಮ್ಮನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ನಡಿಸಿ, ತಮ್ಮನನ್ನೇ ತನಗಿಂತ ಮುಂದಾಗಿ ಗುರಿ ದಾಟಿಸಿದನು. ಅವರನ್ನು ದಾಟಿಹೋದ ದಕ್ಷಿಣ ಆಫ್ರಿಕದ ಹೆನ್ರಿ ಸ್ಕೂಮನ್ ಎಂಬವನು ಗೆದ್ದನು.

ಈ ಇಬ್ಬರನ್ನು ನೋಡಿರಿ. ಹಾಯ್ಟರು ಮಗನು ಎಂದಿಗೂ ಮಾಡಲಾರದ್ದನ್ನು, ಮಗನೇ ಬಯಸಿದ್ದರಿಂದ ಮಾಡಿದರು. ಅಲಿಸ್ಟರನು ತಮ್ಮನ ಬಲವೆಲ್ಲಾ ತೀರಿದ ಮೇಲೆ ಕೈಕೊಟ್ಟನು. ಒಬ್ಬರೂ ಇನ್ನೊಬ್ಬನ ಪ್ರಯತ್ನವನ್ನು ಕೊಲ್ಲಲಿಲ್ಲ. ನನ್ನ ಮಗಳ ಬೆರಳುಗಳಲ್ಲಾದರೋ ಬಲವಿನ್ನೂ ಉಳಿದಿತ್ತು. ಆದದರಿಂದ ಅಳತೆಗೋಲು ಇದು: ನಾನು ಕೈನೀಡಿದಾಗ ಆ ಮಗುವಿನ ಕೈಗಳು ಮೇಲಕ್ಕೆ ಏಳುವವೋ, ಕೆಳಕ್ಕೆ ಇಳಿಯುವವೋ? ಏಳುವದಾದರೆ ಧಾರಾಳವಾಗಿ ನೀಡೋಣ. ಇಳಿಯುವದಾದರೆ ಹಿಂದೆಗೆಯೋಣ.

ಹಳ್ಳಿಯಲ್ಲಿರುವ ನನ್ನ ಸಹೋದರ ಸಹೋದರಿಯರೇ, ನಿಮ್ಮ ಊರಿನಲ್ಲಿ ಈ ಪಂದ್ಯವಿಲ್ಲದಿರಬಹುದು. ಆದರೆ ಕೊಂಡಿಗಳು ಎಲ್ಲಾ ಮನೆಗಳಲ್ಲಿಯೂ ಉಂಟು. ಮಗನ ಲೆಕ್ಕವನ್ನು ತಾನೇ ಬರೆದುಕೊಡುವ ತಂದೆ, ಮಗಳು ಕೊಡವನ್ನು ಚೆಲ್ಲುತ್ತಾಳೆಂದು ಎಂದಿಗೂ ಎತ್ತಗೊಡದ ತಾಯಿ, ಬೆಳೆದ ಮಗನ ಸಾಲವನ್ನು ಅವನಿಗೆ ತಿಳಿಯದ ಹಾಗೆ ವರುಷ ವರುಷ ತೀರಿಸುವ ಮುದುಕ, ಇವರೆಲ್ಲರೂ ನನ್ನ ಹಾಗೆ ಪ್ರೀತಿಯಿಂದಲೇ ಕೊಂಡಿ ಹಾಕುವವರು. ಒಂದು ದಿನ ನಾವು ಹೋಗಕೂಡದ ಅಂಗಳದಲ್ಲಿ ಆ ಮಕ್ಕಳು ಒಂಟಿಯಾಗಿ ನಿಲ್ಲುವರು. ಆಗ ಹಗ್ಗದ ಹೊರಗೆ ನಿಂತು ಕೂಗಿದರೆ ಪ್ರಯೋಜನವೇನು? ನನ್ನ ನಿಜವಾದ ತಪ್ಪು ಆ ದಿನದ್ದಲ್ಲ. ಅದರ ಮುಂಚಿನ ಎರಡು ವರುಷಗಳದ್ದು.

ಪಂದ್ಯ ಮುಗಿದ ಸಾಯಂಕಾಲ ಅವಳು ಮನೆಯ ಹೊಸ್ತಿಲಲ್ಲಿ ಕೂತು, ಪದಕವನ್ನು ಮೂಲೆಗಿಟ್ಟು, ಕೊಂಡಿಯನ್ನು ಹಾಕುವದು, ತೆಗೆಯುವದು, ಕಣ್ಣುಮುಚ್ಚಿಕೊಂಡು ತಿರಿಗಿ ಹಾಕುವದು, ಇದನ್ನೇ ಮಾಡುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆನು. ಕೈಗಳನ್ನು ಮಾತ್ರ ನನ್ನ ಮಡಿಲಲ್ಲಿಯೇ ಇಟ್ಟುಕೊಂಡೆನು. ಮಗಳೇ, ನೀನು ಮುಂದೆ ಇದನ್ನು ಓದುವಿಯಾದರೆ, ಆ ರಾತ್ರಿ ನೀನು ಕೇಳಿದ ಪ್ರಶ್ನೆಗೆ ನನ್ನ ಉತ್ತರವಿದು. ನಿನ್ನ ಕೈಗಳು ಕೆಳಗಿಳಿದವು. ಆದದರಿಂದ ನಾನು ಹೊರಗೆ ಹೋದೆನು. ಹೊರಗೆ ಹೋದೆನು, ದೂರ ಹೋಗಲಿಲ್ಲ.